ರ‍್ಯಾಮ್ ಪೊಟ್ಟಣದ ಮೇಲಿನ ಆ ನಾಲ್ಕು ಅಂಕಿಗಳು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಾನೇ ಗಣಕ ಜೋಡಿಸಿಕೊಳ್ಳಲು ಹೊರಟ ಗ್ರಾಹಕನ ಮುಂದೆ ಅಂಗಡಿಯವರು ಎರಡು ರ‍್ಯಾಮ್ ಪೊಟ್ಟಣಗಳನ್ನು ಇಡುತ್ತಾರೆ. ಒಂದರ ಮೇಲೆ ಡಿಡಿಆರ್4-3200, ಸಿಎಲ್ 16 ಎಂದು ಅಚ್ಚಾಗಿದೆ. ಇನ್ನೊಂದರ ಮೇಲೆ ಡಿಡಿಆರ್4-3600, ಸಿಎಲ್ 18 ಎಂದಿದೆ. ಎರಡನೆಯದರ ಬೆಲೆ ಸ್ವಲ್ಪ ಹೆಚ್ಚು. 3600 ದೊಡ್ಡ ಅಂಕಿಯಾದ್ದರಿಂದ ಅದೇ ಚುರುಕು ಎಂದು ಒಬ್ಬರು ಹೇಳಿದರೆ, ಸಿಎಲ್ ಎಂದರೆ ವಿಳಂಬ, ಆದ್ದರಿಂದ 16 ಇರುವುದೇ ಮೇಲು ಎಂದು ಮತ್ತೊಬ್ಬರು ವಾದಿಸುತ್ತಾರೆ. ವಿಳಂಬದ ಮಟ್ಟಿಗೆ ಹೇಳುವುದಾದರೆ ಇಬ್ಬರ ಮಾತೂ ಸರಿಯಲ್ಲ. ಎರಡೂ ಮಾಡ್ಯೂಲ್‌ಗಳಲ್ಲಿ ಆ ವಿಳಂಬ ಒಂದೇ: ಸರಿಯಾಗಿ 10 ನ್ಯಾನೊ ಸೆಕೆಂಡ್.

ಮೆಮೊರಿಯನ್ನು ತಯಾರಕರು ಗೊತ್ತುಪಡಿಸಿದ ವೇಗಕ್ಕಿಂತ ಹೆಚ್ಚು ಚುರುಕಾಗಿ ಓಡಿಸುವ ಓವರ್‌ಕ್ಲಾಕಿಂಗ್ ಹವ್ಯಾಸ ಎರಡು ದಶಕಗಳಿಗೂ ಹಳೆಯದು. ಮದರ್‌ಬೋರ್ಡಿನ ಬಯಾಸ್ ಪುಟ ತೆರೆದು ಅಲ್ಲಿರುವ ಅಂಕಿಗಳನ್ನು ಕಡಿಮೆ ಮಾಡಿದರೆ ಗಣಕ ಚುರುಕಾಗುತ್ತದೆ ಎಂಬ ಮಾತು ಕಾಲೇಜು ಹಾಸ್ಟೆಲುಗಳಲ್ಲಿ ಹರಡಿದೆ. ಮಾತು ಸುಳ್ಳಲ್ಲ. ಆದರೆ ಆ ಅಂಕಿಗಳು ಏನನ್ನು ಎಣಿಸುತ್ತವೆ ಎಂಬುದನ್ನು ಅರಿಯದೆ ಕೈಹಾಕಿದವರು ಪಡೆಯುವ ಲಾಭ ಅತ್ಯಲ್ಪ. ತೆರಬಹುದಾದ ಬೆಲೆ ಮಾತ್ರ ದೊಡ್ಡದು.

ದಾಖಲೆ ಕೊಠಡಿಯ ಗುಮಾಸ್ತ

ಮೆಮೊರಿಯ ಪೊಟ್ಟಣದ ಮೇಲೆ ಸಾಮಾನ್ಯವಾಗಿ 16-18-18-38 ಎಂಬಂತೆ ನಾಲ್ಕು ಅಂಕಿಗಳಿರುತ್ತವೆ. ಇವುಗಳ ಅರ್ಥವನ್ನು ಹಳೆಯ ಕಂದಾಯ ಕಚೇರಿಯೊಂದರ ದಾಖಲೆ ಕೊಠಡಿಯ ಮೂಲಕ ತಿಳಿಯುವುದು ಸುಲಭ. ಜಮೀನಿನ ದಾಖಲೆಗಳು ಗಣಕವನ್ನು ಏರುವ ಮುಂಚೆ, ಮುಳಬಾಗಿಲು ತಾಲ್ಲೂಕು ತಾಯಲೂರಿನ ರೈತನೊಬ್ಬನಿಗೆ ತನ್ನ ಸರ್ವೆ ನಂಬರಿನ ಹಳೆಯ ವಿವರ ಬೇಕಾದರೆ ಗುಮಾಸ್ತ ಮೊದಲು ಬೀರುವಿನಿಂದ ಆ ಊರಿನ ದಪ್ಪ ವಹಿಯನ್ನು ತೆಗೆದು ಮೇಜಿನ ಮೇಲೆ ಬಿಚ್ಚಬೇಕು. ಆಮೇಲೆ ಬೆರಳಾಡಿಸಿ ಬೇಕಾದ ಸಾಲನ್ನು ಹುಡುಕಿ ಓದಿ ಹೇಳಬೇಕು. ಬೇರೆ ಊರಿನವನು ಬಂದರೆ ಈ ವಹಿಯನ್ನು ಮಡಚಿ ಬೀರುವಿಗೆ ಸೇರಿಸಿ ಮತ್ತೊಂದನ್ನು ತೆಗೆಯಬೇಕು.

ಮೆಮೊರಿ ಚಿಪ್‌ನ ಒಳಗೆ ನಡೆಯುವುದೂ ಇದೇ ಕೆಲಸ. ಅಲ್ಲಿ ಮಾಹಿತಿಯು ಅಡ್ಡಸಾಲು ಮತ್ತು ಕಂಬಸಾಲುಗಳ ಜಾಲದಲ್ಲಿ ಕುಳಿತಿರುತ್ತದೆ. ಒಂದು ಅಡ್ಡಸಾಲು ಒಂದು ವಹಿ ಇದ್ದಂತೆ. ನಾಲ್ಕು ಅಂಕಿಗಳಲ್ಲಿ ಮೊದಲನೆಯದಾದ ಸಿಎಲ್, ಈಗಾಗಲೇ ಬಿಚ್ಚಿಟ್ಟ ವಹಿಯಲ್ಲಿ ಬೇಕಾದ ಸಾಲನ್ನು ಓದಿ ಹೇಳಲು ಹಿಡಿಯುವ ಅವಧಿ. ಎರಡನೆಯದಾದ ಟಿಆರ್‌ಸಿಡಿ, ವಹಿಯನ್ನು ಬೀರುವಿನಿಂದ ತೆಗೆದು ಮೇಜಿನ ಮೇಲೆ ಬಿಚ್ಚುವ ಅವಧಿ. ಮೂರನೆಯದಾದ ಟಿಆರ್‌ಪಿ, ಅದನ್ನು ಮಡಚಿ ಒಳಗಿಟ್ಟು ಮೇಜನ್ನು ಖಾಲಿ ಮಾಡುವ ಅವಧಿ. ನಾಲ್ಕನೆಯದಾದ ಟಿಆರ್‌ಎಎಸ್, ಬಿಚ್ಚಿದ ವಹಿಯು ಮೇಜಿನ ಮೇಲೆ ಕನಿಷ್ಠ ಎಷ್ಟು ಹೊತ್ತು ಇರಲೇಬೇಕು ಎಂಬ ಮಿತಿ.

ಬೇಕಾದ ಮಾಹಿತಿ ತೆರೆದ ವಹಿಯಲ್ಲೇ ಇದ್ದರೆ ಸಿಎಲ್ ಒಂದರಷ್ಟೇ ಕಾಯುವಿಕೆ. ಮೇಜು ಖಾಲಿಯಿದ್ದರೆ 18 ಮತ್ತು 16 ಕೂಡಿ 34. ಬೇರೆ ವಹಿ ಮೇಜನ್ನು ಹಿಡಿದು ಕುಳಿತಿದ್ದರೆ ಮೂರೂ ಸೇರಿ 52. ಸಿಎಲ್ ಅಂಕಿಯನ್ನು ಮಾತ್ರ ನೋಡಿ ಬೀಗುವವರು ಮರೆಯುವುದು ಇದನ್ನೇ: ಗಣಕದ ನಿತ್ಯದ ಕೆಲಸದಲ್ಲಿ ಒಮ್ಮೆ ಒಂದು ವಹಿ, ಮರುಗಳಿಗೆ ಇನ್ನೊಂದು ವಹಿ ಬೇಕಾಗುವುದರಿಂದ ಎರಡನೆಯ ಮತ್ತು ಮೂರನೆಯ ಅಂಕಿಗಳ ಪಾಲೂ ಸಣ್ಣದಲ್ಲ.

ಅಂಕಿಯು ಎಣಿಕೆ, ಸಮಯವಲ್ಲ

16, 18, 38 ಎಂಬವು ನ್ಯಾನೊ ಸೆಕೆಂಡುಗಳಲ್ಲ. ಒಂದು ಸೆಕೆಂಡನ್ನು ನೂರು ಕೋಟಿ ಭಾಗ ಮಾಡಿದರೆ ಅದರ ಒಂದು ಭಾಗವೇ ನ್ಯಾನೊ ಸೆಕೆಂಡ್. ಪೊಟ್ಟಣದ ಮೇಲಿನ ಅಂಕಿಗಳು ಮೆಮೊರಿಯ ಗಡಿಯಾರದ ಮಿಡಿತಗಳ ಎಣಿಕೆ ಮಾತ್ರ. ಮಿಡಿತ ಚುರುಕಾದಷ್ಟೂ ಒಂದೊಂದು ಮಿಡಿತದ ಅವಧಿ ಕಿರಿದಾಗುತ್ತದೆ. ಡಿಡಿಆರ್ ಮೆಮೊರಿಯು ಒಂದು ಮಿಡಿತದಲ್ಲಿ ಎರಡು ಬಾರಿ ಮಾಹಿತಿ ಸಾಗಿಸುವುದರಿಂದ 3200 ಎಂದು ಮಾರಾಟವಾಗುವ ಮಾಡ್ಯೂಲಿನ ನಿಜವಾದ ಗಡಿಯಾರ 1600 ಮೆಗಾಹರ್ಟ್ಸ್. ಅದರ ಒಂದು ಮಿಡಿತ 0.625 ನ್ಯಾನೊ ಸೆಕೆಂಡ್. ಸಿಪಿಯು-ಜಡ್ ಮುಂತಾದ ತಂತ್ರಾಂಶಗಳು 1600ರ ಆಸುಪಾಸಿನ ಅಂಕಿಯನ್ನು ತೋರಿಸಿದಾಗ ಅಂಗಡಿಯವರು ಅರ್ಧ ವೇಗದ ಮಾಲು ಕೊಟ್ಟು ಮೋಸ ಮಾಡಿದರು ಎಂದು ಗಾಬರಿಯಾಗುವವರಿದ್ದಾರೆ. ಅದು ಮೋಸವಲ್ಲ, ಎರಡೂ ಒಂದೇ ವೇಗದ ಎರಡು ಬಗೆಯ ಎಣಿಕೆ.

ಲೆಕ್ಕದ ಸೂತ್ರ ಸರಳ. ಸಿಎಲ್ ಅಂಕಿಯನ್ನು 2000ದಿಂದ ಗುಣಿಸಿ ಮೆಮೊರಿಯ ವೇಗದ ಅಂಕಿಯಿಂದ ಭಾಗಿಸಿದರೆ ವಿಳಂಬವು ನ್ಯಾನೊ ಸೆಕೆಂಡುಗಳಲ್ಲಿ ದೊರೆಯುತ್ತದೆ. 3200ರ ಸಿಎಲ್ 16ಕ್ಕೂ 3600ರ ಸಿಎಲ್ 18ಕ್ಕೂ ಉತ್ತರ 10 ಎಂದೇ ಬರುವುದು ಹೀಗೆ.

ಇದೇ ಸೂತ್ರವನ್ನು ಹಿಂದಿನ ತಲೆಮಾರುಗಳಿಗೆ ಹಿಡಿದರೆ ಅಚ್ಚರಿಯ ಸಂಗತಿಯೊಂದು ಕಾಣುತ್ತದೆ. 2000ದ ದಶಕದ ಡಿಡಿಆರ್-400ರಲ್ಲಿ ಸಿಎಲ್ 3 ಎಂದರೆ 15 ನ್ಯಾನೊ ಸೆಕೆಂಡ್. ಅಂದಿನ ಹವ್ಯಾಸಿಗಳು ಹುಡುಕಾಡಿ ಕೊಳ್ಳುತ್ತಿದ್ದ ವಿನ್‌ಬಾಂಡ್ ಬಿಎಚ್-5 ಚಿಪ್‌ಗಳ ಮೆಮೊರಿ ಸಿಎಲ್ 2ರಲ್ಲಿ ಓಡಿ 10 ನ್ಯಾನೊ ಸೆಕೆಂಡ್ ಮುಟ್ಟುತ್ತಿತ್ತು. ಡಿಡಿಆರ್2-800, ಸಿಎಲ್ 5ಕ್ಕೆ 12.5, ಡಿಡಿಆರ್3-1600, ಸಿಎಲ್ 9ಕ್ಕೆ 11.25, ಡಿಡಿಆರ್4-3200, ಸಿಎಲ್ 16ಕ್ಕೆ 10. ಡಿಡಿಆರ್5ರ ಮಾನದಂಡ ಪ್ರಕಟವಾದದ್ದು 2020ರಲ್ಲಿ. ಅದರ 6000 ವೇಗದ ಸಿಎಲ್ 30 ಮಾಡ್ಯೂಲಿಗೂ 10 ನ್ಯಾನೊ ಸೆಕೆಂಡೇ. ಡಿಡಿಆರ್-400 ಮಾಡ್ಯೂಲ್ ಸೆಕೆಂಡಿಗೆ 3.2 ಗಿಗಾಬೈಟ್ ಸಾಗಿಸುತ್ತಿದ್ದರೆ ಡಿಡಿಆರ್5-6000 ಸಾಗಿಸುವುದು 48 ಗಿಗಾಬೈಟ್. ಸಾಗಣೆ ಹದಿನೈದು ಪಟ್ಟು ಬೆಳೆದರೂ ಮೊದಲ ಮಾಹಿತಿಗಾಗಿ ಕಾಯುವ ಹೊತ್ತು ಹೆಚ್ಚುಕಡಿಮೆ ಇದ್ದಲ್ಲೇ ಇದೆ. ರಸ್ತೆ ಅಗಲವಾಯಿತು, ಗುಮಾಸ್ತನ ಕೈ ಚುರುಕಾಗಲಿಲ್ಲ.

ಓದಿದರೆ ಅಳಿಸಿಹೋಗುವ ಬರಹ

ಕೈ ಚುರುಕಾಗದಿರಲು ಕಾರಣ ಮೆಮೊರಿ ಕೋಶದ ರಚನೆಯಲ್ಲೇ ಇದೆ. ಐಬಿಎಂ ಸಂಸ್ಥೆಯ ರಾಬರ್ಟ್ ಡೆನ್ನಾರ್ಡ್ 1968ರಲ್ಲಿ ಪೇಟೆಂಟ್ ಪಡೆದ ವಿನ್ಯಾಸವೇ ಇಂದಿಗೂ ಮೂಲ: ಒಂದು ಟ್ರಾನ್ಸಿಸ್ಟರ್, ಒಂದು ಕೆಪ್ಯಾಸಿಟರ್. ಕೆಪ್ಯಾಸಿಟರಿನಲ್ಲಿ ವಿದ್ಯುದಾವೇಶವಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಓದುವಾಗ ಆ ಅತ್ಯಲ್ಪ ಆವೇಶವು ಉದ್ದನೆಯ ತಂತಿಯೊಂದಕ್ಕೆ ಹರಿಯುತ್ತದೆ. ತಂತಿಯ ವೋಲ್ಟೇಜಿನಲ್ಲಿ ಆಗುವ ಕಿಂಚಿತ್ ಏರುಪೇರನ್ನು ಸೆನ್ಸ್ ಆಂಪ್ಲಿಫೈಯರ್ ಎಂಬ ಮಂಡಲ ಗುರುತಿಸಿ ಹಿಗ್ಗಿಸಬೇಕು. ಗಡಿಯಾರವನ್ನು ಎಷ್ಟೇ ಓಡಿಸಿದರೂ ಆವೇಶ ಹರಿದು, ಏರುಪೇರು ಸ್ಪಷ್ಟವಾಗಲು ಬೇಕಾದ ಹೊತ್ತು ಅಷ್ಟಾಗಿ ಇಳಿಯದು.

ಇನ್ನೊಂದು ತೊಡಕೂ ಇದೆ. ಹರಿದುಹೋದ ಆವೇಶ ಹರಿದೇ ಹೋಯಿತು. ಅಂದರೆ ಓದಿದೊಡನೆ ಕೋಶದೊಳಗಿನ ಬರಹ ಅಳಿಸಿಹೋಗುತ್ತದೆ. ಓದಿದ್ದನ್ನು ಮತ್ತೆ ಅದೇ ಕೋಶದಲ್ಲಿ ತುಂಬಿದ ನಂತರವೇ ಸಾಲನ್ನು ಮುಚ್ಚಬೇಕು. ನಾಲ್ಕನೆಯ ಅಂಕಿ ಇರುವುದು ಇದಕ್ಕಾಗಿಯೇ. ಅದನ್ನು ಮಿತಿಮೀರಿ ಇಳಿಸಿದವರು ಶಾಯಿ ಆರುವ ಮುನ್ನ ವಹಿಯನ್ನು ಮಡಚಿದಂತೆ.

ಹಾಗಾದರೆ ಓವರ್‌ಕ್ಲಾಕಿಂಗ್‌ಗೆ ಎಡೆ ಎಲ್ಲಿದೆ? ತಯಾರಕರು ಬಿಟ್ಟಿರುವ ಅಂಚಿನಲ್ಲಿದೆ. ಅತ್ಯಂತ ದುರ್ಬಲವಾದ ಚಿಪ್ ಕೂಡ ಅತಿ ಹೆಚ್ಚಿನ ಬಿಸಿಯಲ್ಲಿ ತಪ್ಪದೆ ಕೆಲಸ ಮಾಡಬೇಕೆಂಬ ಎಚ್ಚರಿಕೆಯಿಂದ ಅವರು ವಿಳಂಬದ ಅಂಕಿಗಳನ್ನು ಗೊತ್ತುಮಾಡುತ್ತಾರೆ. ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 115 ಮಾಡ್ಯೂಲ್‌ಗಳನ್ನು ಪರೀಕ್ಷಿಸಿ, ಸಾಧಾರಣ ಬಿಸಿಯಲ್ಲಿ ಬಹುಪಾಲು ಮಾಡ್ಯೂಲ್‌ಗಳು ಗೊತ್ತುಪಡಿಸಿದ್ದಕ್ಕಿಂತ ಗಮನಾರ್ಹವಾಗಿ ಕಡಿಮೆ ವಿಳಂಬದಲ್ಲಿ ದೋಷವಿಲ್ಲದೆ ಓಡುತ್ತವೆ ಎಂದು ತೋರಿಸಿದರು. ಆದರೆ ಯಾವ ಮಾಡ್ಯೂಲಿನಲ್ಲಿ ಎಷ್ಟು ಅಂಚಿದೆ ಎಂಬುದು ಪೊಟ್ಟಣದ ಮೇಲೆ ಬರೆದಿರುವುದಿಲ್ಲ. ಒಂದೇ ಹೆಸರಿನ ಎರಡು ಮಾಡ್ಯೂಲ್‌ಗಳೊಳಗಿನ ಚಿಪ್‌ಗಳು ಬೇರೆ ಬೇರೆಯಾಗಿರಬಹುದು. ಸ್ನೇಹಿತನ ಗಣಕದಲ್ಲಿ ಓಡಿದ ಅಂಕಿಗಳನ್ನು ನಕಲು ಮಾಡುವುದು ಇದರಿಂದಾಗಿಯೇ ಅಪಾಯ.

ಲಾಭವೆಷ್ಟು?

ನಾಲ್ಕು ಗಿಗಾಹರ್ಟ್ಸ್ ಪ್ರೊಸೆಸರ್ ಒಂದು ಹೆಜ್ಜೆ ಇಡಲು 0.25 ನ್ಯಾನೊ ಸೆಕೆಂಡ್ ಸಾಕು. ಅದು ಕೇಳಿದ ಮಾಹಿತಿ ತನ್ನೊಳಗಿನ ಕ್ಯಾಶ್‌ನಲ್ಲಿ ಸಿಗದೆ ಮುಖ್ಯ ಮೆಮೊರಿಯವರೆಗೆ ಹೋಗಿಬರಬೇಕಾದರೆ ಸಾಧಾರಣ ಮೇಜುಗಣಕದಲ್ಲಿ 60ರಿಂದ 90 ನ್ಯಾನೊ ಸೆಕೆಂಡ್ ಹಿಡಿಯುತ್ತದೆ. 80 ಎಂದು ಹಿಡಿದರೂ ಪ್ರೊಸೆಸರ್ 320 ಹೆಜ್ಜೆಗಳಷ್ಟು ಕಾಯಬೇಕು. ಈ ಅಂತರ ಗಣಕ ವಿನ್ಯಾಸಕಾರರ ದೊಡ್ಡ ತಲೆನೋವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಗೋವಿಂದರಾಜನ್ ಮತ್ತು ಸಹಸಂಶೋಧಕರು 2014ರಲ್ಲಿ ಪ್ರಕಟಿಸಿದ ಪ್ರಬಂಧವೊಂದು ಡಿ-ರ‍್ಯಾಮ್ ಅನ್ನೇ ಕ್ಯಾಶ್ ಆಗಿ ಬಳಸುವಾಗ ವಿಳಂಬ ಮತ್ತು ಸಾಗಣೆ ಎರಡನ್ನೂ ಒಟ್ಟಿಗೆ ಸುಧಾರಿಸುವ ಬಗೆಯನ್ನು ಕುರಿತದ್ದು. ವಿಳಂಬ ಬೇರೆ, ಸಾಗಣೆ ಬೇರೆ. ಒಂದನ್ನು ಸರಿಪಡಿಸಿದರೆ ಇನ್ನೊಂದು ತಾನಾಗಿ ಸರಿಹೋಗದು ಎಂಬುದೇ ಇಂಥ ಸಂಶೋಧನೆಗಳ ಹಿಂದಿರುವ ತಿಳಿವಳಿಕೆ.

80 ನ್ಯಾನೊ ಸೆಕೆಂಡಿನ ಈ ಪಯಣದಲ್ಲಿ ಸಿಎಲ್ ಒಂದು ತುಣುಕು. 3200ರ ಮೆಮೊರಿಯಲ್ಲಿ ಸಿಎಲ್ ಅನ್ನು 16ರಿಂದ 14ಕ್ಕೆ ಇಳಿಸಿದರೆ ಉಳಿಯುವುದು 1.25 ನ್ಯಾನೊ ಸೆಕೆಂಡ್, ಅಂದರೆ ಶೇಕಡ ಎರಡಕ್ಕೂ ಕಡಿಮೆ. ಪತ್ರ ಬರೆಯುವವರಿಗೆ, ಅಂತರಜಾಲ ನೋಡುವವರಿಗೆ, ಲೆಕ್ಕಪತ್ರದವರಿಗೆ ಇದು ಅರಿವಿಗೇ ಬಾರದು. ಪ್ರೊಸೆಸರನ್ನು ಬಹುವಾಗಿ ದುಡಿಸುವ ಕೆಲವು ಆಟಗಳಲ್ಲಿ ನಾಲ್ಕೂ ಅಂಕಿಗಳನ್ನು ಒಟ್ಟಾಗಿ ಬಿಗಿಗೊಳಿಸಿದಾಗ ವ್ಯತ್ಯಾಸ ಕಂಡೀತು. ಒಂದೇ ಮಾಡ್ಯೂಲ್ ಹಾಕಿಸಿಕೊಂಡವರಿಗೆ ಇದಕ್ಕಿಂತ ದೊಡ್ಡ ಲಾಭ ಬೇರೆಡೆ ಇದೆ. ಡಿಡಿಆರ್4-3200ರ ಒಂದು ಮಾಡ್ಯೂಲ್ ಸೆಕೆಂಡಿಗೆ 25.6 ಗಿಗಾಬೈಟ್ ಸಾಗಿಸಿದರೆ, ಸರಿಯಾದ ಎರಡು ಕಿಂಡಿಗಳಲ್ಲಿ ಕೂರಿಸಿದ ಜೋಡಿ ಮಾಡ್ಯೂಲ್ 51.2 ಗಿಗಾಬೈಟ್ ಸಾಗಿಸಬಲ್ಲದು.

ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಜೋಡಣೆಯಾಗುವ ಐಫೋನ್‌ಗಳೂ ಸೇರಿದಂತೆ ಮೊಬೈಲುಗಳಲ್ಲಿ ಈ ಆಯ್ಕೆಯೇ ಬಳಕೆದಾರನಿಗಿಲ್ಲ. ಅಲ್ಲಿ ಮೆಮೊರಿಯನ್ನು ಬೆಸೆದು, ವಿಳಂಬದ ಅಂಕಿಗಳನ್ನು ಕಾರ್ಖಾನೆಯಲ್ಲೇ ಗೊತ್ತುಪಡಿಸಲಾಗಿರುತ್ತದೆ. ಬಹುತೇಕ ಲ್ಯಾಪ್‌ಟಾಪುಗಳ ಬಯಾಸ್‌ನಲ್ಲೂ ಈ ಪುಟ ತೆರೆಯದು. ಇದು ಮೇಜುಗಣಕದವರ ಮಾತು.

ಕ್ರಮ ಯಾವುದು?

ಕೈಹಾಕುವ ಮುನ್ನ ನೋಡಬೇಕಾದ ಸಂಗತಿಯೊಂದಿದೆ. 3200 ಎಂದು ಕೊಂಡ ಅನೇಕ ಡಿಡಿಆರ್4 ಮಾಡ್ಯೂಲ್‌ಗಳು ಹೊಸ ಗಣಕದಲ್ಲಿ 2133 ಅಥವಾ 2400ರ ವೇಗದಲ್ಲೇ ಓಡುತ್ತಿರುತ್ತವೆ. ಮಾಡ್ಯೂಲಿನ ಮೇಲಿರುವ ಎಸ್‌ಪಿಡಿ ಎಂಬ ಸಣ್ಣ ಚಿಪ್ ತನ್ನ ಸಾಮರ್ಥ್ಯವನ್ನು ಮದರ್‌ಬೋರ್ಡಿಗೆ ತಿಳಿಸುತ್ತದಾದರೂ, ಘೋಷಿತ ವೇಗವನ್ನು ಬಯಾಸ್‌ನಲ್ಲಿ ಕೈಯಾರೆ ಆರಿಸಬೇಕಾಗುತ್ತದೆ. ಇಂಟೆಲ್ ರೂಪಿಸಿದ ಈ ಸೌಲಭ್ಯಕ್ಕೆ ಎಕ್ಸ್‌ಎಂಪಿ ಎಂದು ಹೆಸರು; 2022ರಲ್ಲಿ ಎಎಂಡಿ ತಂದದ್ದು ಎಕ್ಸ್‌ಪೋ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿಯ ವೇಗ ನೋಡಿದರೆ ಈ ಆಯ್ಕೆ ಜಾರಿಯಲ್ಲಿದೆಯೇ ಎಂಬುದು ತಿಳಿಯುತ್ತದೆ. ಹಣ ಕೊಟ್ಟು ಕೊಂಡ ವೇಗವನ್ನು ಪಡೆಯುವುದೇ ಮೊದಲ ಹೆಜ್ಜೆ. ಹಲವರಿಗೆ ಅದೇ ಕೊನೆಯ ಹೆಜ್ಜೆಯಾದರೂ ನಷ್ಟವಿಲ್ಲ.

ಅದಕ್ಕೂ ಮುಂದೆ ಹೋಗುವವರು ಮಹತ್ವದ ಕಡತಗಳ ಪ್ರತಿಯನ್ನು ಬೇರೆ ಡಿಸ್ಕಿನಲ್ಲಿ ತೆಗೆದಿಟ್ಟು, ಈಗಿರುವ ಎಲ್ಲ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ವೇಗ ಹೆಚ್ಚಿಸುವುದು ಮತ್ತು ವಿಳಂಬ ಇಳಿಸುವುದು, ಈ ಎರಡರಲ್ಲಿ ಒಂದು ಸಲಕ್ಕೆ ಒಂದನ್ನೇ ಆರಿಸಬೇಕು. 3200ರ ಸಿಎಲ್ 16 ಮಾಡ್ಯೂಲನ್ನು ಅದೇ ಸಿಎಲ್‌ನಲ್ಲಿ 3600ಕ್ಕೆ ಏರಿಸಿದರೆ ಕೋಶಗಳಿಗೆ ಸಿಗುವ ಹೊತ್ತು 10ರಿಂದ 8.9 ನ್ಯಾನೊ ಸೆಕೆಂಡಿಗೆ ಇಳಿಯುತ್ತದೆ. ಅಂಕಿ ಬದಲಾಗದಿದ್ದರೂ ಬಿಗಿ ಹೆಚ್ಚಾಗಿರುತ್ತದೆ. ವೇಗ ಏರಿಸಿದವರು ಅಂಕಿಗಳನ್ನು ಸಡಿಲಿಸಬೇಕಾಗುವುದು ಇದರಿಂದ.

ವೇಗವನ್ನು ಹಾಗೆಯೇ ಬಿಟ್ಟು ವಿಳಂಬ ಇಳಿಸುವವರು ಒಂದು ಬಾರಿಗೆ ಒಂದೇ ಅಂಕಿಯನ್ನು, ಒಂದೇ ಒಂದರಷ್ಟು ಇಳಿಸಿ, ಮೆಮ್‌ಟೆಸ್ಟ್86ರಂಥ ಪರೀಕ್ಷಾ ತಂತ್ರಾಂಶವನ್ನು ಗಂಟೆಗಟ್ಟಲೆ, ಸಾಧ್ಯವಾದರೆ ರಾತ್ರಿಯಿಡೀ ಓಡಿಸಬೇಕು. ಒಂದೇ ಒಂದು ದೋಷ ಕಂಡರೂ ಹಿಂದಿನ ಅಂಕಿಗೆ ಮರಳಬೇಕು. ವೋಲ್ಟೇಜ್ ಏರಿಸಿದರೆ ಇನ್ನಷ್ಟು ಬಿಗಿ ಸಾಧ್ಯವೆಂಬುದು ನಿಜ. ಡಿಡಿಆರ್4ರ ಮಾನದಂಡ 1.2 ವೋಲ್ಟ್, ಎಕ್ಸ್‌ಎಂಪಿ ಮಾಡ್ಯೂಲ್‌ಗಳಲ್ಲಿ ಸಾಮಾನ್ಯವಾಗಿ 1.35. ತಯಾರಕರು ಘೋಷಿಸಿದ್ದನ್ನು ಮೀರಿದರೆ ಬಿಸಿ ಹೆಚ್ಚುತ್ತದೆ, ವಾರಂಟಿಯ ಹಕ್ಕೂ ಪ್ರಶ್ನೆಗೊಳಗಾಗಬಹುದು. ಅಂಕಿ ತಪ್ಪಿ ಪರದೆಯೇ ಮೂಡದಿದ್ದರೆ ಗಣಕ ಕೆಟ್ಟಿತೆಂದು ಹೆದರಬೇಕಾಗಿಲ್ಲ. ವಿದ್ಯುತ್ ಸಂಪರ್ಕ ತೆಗೆದು, ಮದರ್‌ಬೋರ್ಡಿನ ಕೈಪಿಡಿಯಲ್ಲಿ ಹೇಳಿದಂತೆ ಸಿಮಾಸ್ ಅಳಿಸಿದರೆ ಮೂಲ ಅಂಕಿಗಳು ಮರಳುತ್ತವೆ.

ಬೇಸಿಗೆಯ ಪರೀಕ್ಷೆ

ಡಿಸೆಂಬರಿನ ಚಳಿಯ ರಾತ್ರಿಯಲ್ಲಿ ಪಾಸಾದ ಅಂಕಿಗಳು ಏಪ್ರಿಲ್ ಮಧ್ಯಾಹ್ನದಲ್ಲಿ ನಪಾಸಾಗಬಹುದು. ಕೆಪ್ಯಾಸಿಟರಿನ ಆವೇಶ ಸುಮ್ಮನಿದ್ದರೂ ಸೋರುತ್ತಿರುತ್ತದೆ. ಬಿಸಿ ಏರಿದಷ್ಟೂ ಸೋರಿಕೆ ಹೆಚ್ಚು. ಆದ್ದರಿಂದಲೇ ಡಿಡಿಆರ್4 ಮೆಮೊರಿಯ ಪ್ರತಿಯೊಂದು ಸಾಲನ್ನೂ 64 ಮಿಲಿಸೆಕೆಂಡಿಗೊಮ್ಮೆ ಮರುಪೂರಣ ಮಾಡಲಾಗುತ್ತದೆ. ಚಿಪ್‌ನ ಬಿಸಿ 85 ಡಿಗ್ರಿ ದಾಟಿದರೆ ಆ ಅವಧಿ 32ಕ್ಕೆ ಇಳಿಯಬೇಕೆಂಬುದು ನಿಯಮ. ಬಯಾಸ್‌ನಲ್ಲಿ ಕಾಣುವ ಟಿಆರ್‌ಎಫ್‌ಸಿ ಎಂಬ ಅಂಕಿ ಈ ಮರುಪೂರಣಕ್ಕೆ ಕೊಡುವ ಹೊತ್ತು. ಅದನ್ನು ಹಿಂಡಿ ಲಾಭ ಪಡೆಯುವುದು ಹವ್ಯಾಸಿಗಳ ಮೆಚ್ಚಿನ ಉಪಾಯ. ಆದರೆ ಹೊರಗಿನ ಬಿಸಿಲು 35 ಡಿಗ್ರಿ ದಾಟುವ ಬಯಲುಸೀಮೆಯ ಊರುಗಳಲ್ಲಿ, ಹವಾನಿಯಂತ್ರಣವಿಲ್ಲದ ಕೋಣೆಯಲ್ಲಿ, ಗ್ರಾಫಿಕ್ಸ್ ಕಾರ್ಡಿನ ಬಿಸಿಗಾಳಿ ನೇರವಾಗಿ ಮೆಮೊರಿಗೆ ತಾಗುವ ಪೆಟ್ಟಿಗೆಯೊಳಗೆ ಮೊದಲು ಕೈಕೊಡುವುದೂ ಅದೇ. ಪರೀಕ್ಷೆ ನಡೆಸುವುದಾದರೆ ವರ್ಷದ ಅತಿ ಬಿಸಿಯ ದಿನಗಳಲ್ಲಿ ನಡೆಸಿದ್ದೇ ನಂಬಲರ್ಹ.

ಒಂದು ಎಕರೆ ಒಂಬತ್ತಾದಾಗ

ಗಣಕ ಸ್ಥಗಿತಗೊಂಡರೆ, ನೀಲಿ ಪರದೆ ಬಂದರೆ ಅದು ಅದೃಷ್ಟ. ತಪ್ಪು ಕಣ್ಣಿಗೆ ಬಿತ್ತು. ಯಾವ ಸೂಚನೆಯೂ ಇಲ್ಲದೆ ಒಂದು ಬಿಟ್ ಬದಲಾಗಿ, ಬದಲಾದದ್ದೇ ಡಿಸ್ಕಿಗೆ ಇಳಿದು ಕುಳಿತರೆ ಮಾತ್ರ ನಿಜವಾದ ಹಾನಿ.

ಗಣಕವು 1 ಎಂಬ ಅಂಕಿಯನ್ನು 00110001 ಎಂದೂ 9ನ್ನು 00111001 ಎಂದೂ ಬರೆದಿಡುತ್ತದೆ. ಇವೆರಡರ ನಡುವೆ ಇರುವುದು ಒಂದೇ ಬಿಟ್‌ನ ಅಂತರ. ಕನ್ನಡದ ಅಂಕಿಗಳಿಗೂ ಇದರಿಂದ ವಿನಾಯಿತಿಯಿಲ್ಲ: ಯೂನಿಕೋಡ್ ಸಂಕೇತದಲ್ಲಿ ೧ ಮತ್ತು ೯ರ ನಡುವಿನ ವ್ಯತ್ಯಾಸವೂ ಒಂದೇ ಬಿಟ್. ಮೇಜಿನ ಮೇಲೆ ಬೇಗನೆ ಮಡಚಿದ ಆ ವಹಿಯಲ್ಲಿ ಶಾಯಿ ಕಲಸಿ ತಾಯಲೂರಿನ ರೈತನ ಒಂದು ಎಕರೆ ಒಂಬತ್ತಾಗಲು, ಅಥವಾ ಒಂಬತ್ತು ಎಕರೆ ಒಂದಾಗಲು, ಕೋಟ್ಯಂತರ ಕೋಶಗಳಲ್ಲಿ ಒಂದು ಕೋಶ ಅರೆತುಂಬಿದರೆ ಸಾಕು. ಅಂಗಡಿಯ ಲೆಕ್ಕ, ವಿದ್ಯಾರ್ಥಿಯ ಪ್ರಬಂಧ, ಮದುವೆಯ ಛಾಯಾಚಿತ್ರಗಳು, ಎಲ್ಲವೂ ಇದೇ ಹಾದಿಯಲ್ಲಿ ಹಾದುಹೋಗುತ್ತವೆ. ಹಾಳಾದ ಕಡತವನ್ನೇ ದಿನವೂ ಬ್ಯಾಕಪ್ ಮಾಡುತ್ತಾ ಹೋದರೆ ಪ್ರತಿಯೂ ಹಾಳೇ.

ದೊಡ್ಡ ಸಂಸ್ಥೆಗಳ ಸರ್ವರ್‌ಗಳಲ್ಲಿ ಇಸಿಸಿ ಎಂಬ ದೋಷ ತಿದ್ದುವ ಮೆಮೊರಿ ಇರುವುದು ಇದಕ್ಕಾಗಿ. ಡಿಡಿಆರ್4ರ ಪದ್ಧತಿಯಲ್ಲಿ 64 ಬಿಟ್ ಮಾಹಿತಿಯ ಜೊತೆ ಎಂಟು ಕಾವಲು ಬಿಟ್‌ಗಳಿದ್ದು, ಒಂದು ಬಿಟ್ ತಪ್ಪಿದರೆ ತಿದ್ದುತ್ತವೆ, ಎರಡು ತಪ್ಪಿದರೆ ಎಚ್ಚರಿಸುತ್ತವೆ. ಗೂಗಲ್‌ನ ಸರ್ವರ್‌ಗಳನ್ನು ಕುರಿತು 2009ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ವರ್ಷವೊಂದರಲ್ಲಿ ಶೇಕಡ 8ಕ್ಕೂ ಹೆಚ್ಚು ಮಾಡ್ಯೂಲ್‌ಗಳಲ್ಲಿ ದೋಷ ಕಾಣಿಸಿಕೊಂಡಿತ್ತು. ಅವು ಯಾರೂ ಓವರ್‌ಕ್ಲಾಕ್ ಮಾಡದೆ, ತಂಪು ಕೋಣೆಯಲ್ಲಿಟ್ಟು ನೋಡಿಕೊಂಡ ಯಂತ್ರಗಳು. ಮನೆಯ ಗಣಕದ ಸಾಧಾರಣ ಮೆಮೊರಿಗೆ ಆ ಕಾವಲು ಇಲ್ಲ. ಡಿಡಿಆರ್5 ಚಿಪ್‌ಗಳ ಒಳಗೆ ಒಂದಿಷ್ಟು ದೋಷ ತಿದ್ದುವ ಏರ್ಪಾಡಿದ್ದರೂ, ಚಿಪ್‌ನಿಂದ ಪ್ರೊಸೆಸರಿನವರೆಗಿನ ದಾರಿಯನ್ನು ಅದು ಕಾಯುವುದಿಲ್ಲ.

ಆಟಕ್ಕೆಂದೇ ಮೀಸಲಾದ ಗಣಕದಲ್ಲಿ, ಕಳೆದುಕೊಳ್ಳಲು ಏನೂ ಇಲ್ಲದ ಕಡೆ, ಈ ಅಂಕಿಗಳೊಡನೆ ಸೆಣಸುವುದು ಗಣಕದ ಒಳಗನ್ನು ಕಲಿಯುವ ಒಳ್ಳೆಯ ದಾರಿ. ಮನೆಮಂದಿಯೆಲ್ಲ ಬಳಸುವ, ಲೆಕ್ಕಪತ್ರ ಕಡತಗಳಿರುವ ಗಣಕವಾದರೆ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆರಿಸಿ, ಒಂದು ರಾತ್ರಿ ಮೆಮ್‌ಟೆಸ್ಟ್ ಓಡಿಸಿ, ಬಯಾಸ್ ಪುಟವನ್ನು ಮುಚ್ಚಿಬಿಡುವುದು ಲೇಸು. ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ನಿಂತ ಗ್ರಾಹಕನಿಗೂ ಅಷ್ಟೇ. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸಲು ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಉತ್ತರ ಎರಡೂ ಕಡೆ ಹತ್ತೇ ಬಂದರೆ, ಹೆಚ್ಚುವರಿ ಹಣ ಹೋಗುವುದು ಸಾಗಣೆಯ ವೇಗಕ್ಕೇ ಹೊರತು ವಿಳಂಬವನ್ನು ಇಳಿಸಲು ಅಲ್ಲ. ಅದು ತನ್ನ ಕೆಲಸಕ್ಕೆ ಬೇಕೇ ಎಂಬುದನ್ನು ಕೌಂಟರಿನ ಈಚೆ ನಿಂತವನೇ ನಿರ್ಧರಿಸಬಹುದು.